ಸಹಾಯ ಬೇಕು: ಕೋಲು ಹಿಡಿಯಲು ಒಪ್ಪದವರ ಜೊತೆ ಮಾತಾಡುವವರು

ಉಡುಪಿ, ಮಲ್ಪೆ ಕಡೆ ಪಾರ್ಶ್ವವಾಯು ಆಗಿ ಮನೆಗೆ ಮರಳಿದ ಕೆಲವರು ಕೋಲನ್ನು ಬಾಗಿಲ ಹಿಂದೆ ಇಟ್ಟುಬಿಡುತ್ತಾರೆ. "ನಾನೇನು ಕುಂಟನಾ ಮಾರಾಯ್ರೆ?" ಅಂಗವಿಕಲರ ಬಗ್ಗೆ ಕಾಯಿಲೆಗೆ ಮುಂಚೆಯೇ ಒಳಗಿದ್ದ ತಾತ್ಸಾರ ಇದು. ಆಮೇಲೆ ಗೋಡೆ ಹಿಡಿದು ನಡೆದು, ಪಾಚಿ ಕಟ್ಟಿದ ಅಂಗಳದಲ್ಲಿ ಬೀಳುವುದು.

ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿರಬೇಕು, ಕೋಲು ಬಲವಿರುವ ಕೈಯಲ್ಲಿರಬೇಕು, ತುದಿಯ ರಬ್ಬರ್ ಸವೆದರೆ ಜಾರುತ್ತದೆ. ಇಷ್ಟನ್ನು ನಾವು ಹೇಳಿಕೊಡುತ್ತೇವೆ. ಮನಸ್ಸಿನದ್ದು ನಮ್ಮಿಂದಾಗದು, ನಾವು ಹೇಳಿದರೆ ಪಾಠದ ಹಾಗೆ ಕೇಳುತ್ತದೆ. ಅಂಗವೈಕಲ್ಯ ಶೇ. 40 ದಾಟಿದವರೂ ಯುಡಿಐಡಿ ಕಾರ್ಡ್‌ಗೆ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಲು ಇದೇ ಮುಜುಗರ ಪಡುತ್ತಾರೆ.

ವರ್ಷಗಟ್ಟಲೆ ಕೋಲು, ವೀಲ್‌ಚೇರ್ ಬಳಸುತ್ತಿರುವ ಅಣ್ಣ ಅಕ್ಕಂದಿರು ಒಂದು ಸಂಜೆ ಬಂದು ಮಾತಾಡುವಿರಾ? ಉಪದೇಶ ಬೇಡ. ಬಸ್ಸು ಹತ್ತುವುದು ಹೇಗೆ, ಮದುವೆ ಊಟಕ್ಕೆ ಕೂರುವುದು ಹೇಗೆ, ಇಷ್ಟೇ ಸಾಕು. ನಿಮ್ಮ ಊರು ತಿಳಿಸಿ. ರಿಕ್ಷಾ ಖರ್ಚು ನಮ್ಮದು.