ಅಪ್‌ಡೇಟ್: ಜಟ್ಟಿಯ ತಲೆ ಕೊನೆಗೂ ಕೂತಿತು

ಆರು ಇಂಚಿನ ಆಕ್ಷನ್ ಫಿಗರ್‌ಗೆ ನಮ್ಮ ಮೈಸೂರಿನ ದಸರಾದ ವಜ್ರಮುಷ್ಟಿ ಕಾಳಗದಲ್ಲಿ ಸೆಣಸುವ ಜಟ್ಟಿಯ ತಲೆ ಮಾಡುತ್ತಿದ್ದೇನೆ, ಕ್ಲೇಗೆ ತಾಗಿದ ಕಡೆಯೆಲ್ಲ ಸಿಲಿಕೋನ್ ಅಚ್ಚು ಅಂಟಂಟಾಗೇ ಉಳಿದಿದೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ನೀವು ಹೇಳಿದ ಹಾಗೆ ಕ್ಲೇಯಲ್ಲಿದ್ದ ಗಂಧಕವೇ ಕಾರಣ. ನಾನು ಬಳಸಿದ್ದು ಪ್ಲಾಟಿನಂ ಸೇರಿಸಿ ಗಟ್ಟಿಯಾಗಿಸುವ ಸಿಲಿಕೋನ್, ಅದಕ್ಕೆ ಗಂಧಕ ಆಗಿಬರುವುದಿಲ್ಲ. ಗಂಧಕವಿಲ್ಲದ ಕ್ಲೇ ತಂದೆ, ಅಚ್ಚು ನೀಟಾಗಿ ಬಂತು.

ಜಾಸ್ತಿ ಕಾಡಿದ್ದು ಜುಟ್ಟು. ಬೋಳು ತಲೆಯ ಮೇಲೆ ಅದೊಂದೇ ಅಲ್ವಾ, ಅದಿಲ್ಲದೆ ಜಟ್ಟಿಯೇ ಅಲ್ಲ. ಅಚ್ಚಿನಲ್ಲಿ ಅದರ ತುದಿಗೆ ಗಾಳಿ ಸಿಕ್ಕಿಕೊಂಡು ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಇಳಿಯುತ್ತಿರಲಿಲ್ಲ. ಮೊದಲು ಹಲ್ಲುಕಡ್ಡಿಯಲ್ಲಿ ಒಂದು ತೊಟ್ಟು ರೆಸಿನ್ ಆ ಗುಳಿಗೆ ಸವರಿ, ಆಮೇಲೆ ಕತ್ತಿನ ಕಡೆಯಿಂದ ನಿಧಾನವಾಗಿ ಸುರಿದೆ. ಕೂದಲಿನ ಗೆರೆ ಕೂಡ ಮೂಡಿದೆ! ಮಳೆ ಹಿಡಿದ ದಿನ ಮಾತ್ರ ಎರಕದ ಕೆಲಸ ಬೇಡ. ಪಾಲಿಯುರೆಥೇನ್ ರೆಸಿನ್ ತೇವ ಸಿಕ್ಕರೆ ನೊರೆ ಏಳುತ್ತದೆ.

ಕತ್ತಿನ ಕೀಲು ಬಿಗಿಯಿತ್ತು, ಬಿಸಿನೀರಲ್ಲಿ ಅದ್ದಿದ ಮೇಲೆ ಕೂತಿತು.

ತಲೆಯಲ್ಲಿ ಮೊದಲ ರಕ್ತ ಕಂಡ ಕೂಡಲೇ ವಜ್ರಮುಷ್ಟಿ ಕಾಳಗ ನಿಲ್ಲುತ್ತದೆ. ಅದಕ್ಕೇ ನೆತ್ತಿಯಲ್ಲಿ ಸಣ್ಣದೊಂದು ಕೆಂಪು ಗೆರೆ ಎಳೆದಿದ್ದೇನೆ. ಈಗ ಅದೇ ಅಚ್ಚಿನಿಂದ ಎದುರಾಳಿಯ ತಲೆ ತೆಗೆಯುತ್ತಿದ್ದೇನೆ, ಅವನಿಗೆ ಪುಟ್ಟಿಯಲ್ಲಿ ಮೀಸೆ. ದಸರಾ ಬೊಂಬೆ ಸಾಲಿನಲ್ಲಿ ಇಬ್ಬರನ್ನೂ ನಿಲ್ಲಿಸುತ್ತೇನೆ.