ವ್ಯಾಟಿಕನ್ ನಿಜವಾಗಿಯೂ ಒಂದು ದೇಶವಾ? ಲಾಲ್‌ಬಾಗ್‌ನ ಅರ್ಧವೂ ಇಲ್ಲವಲ್ಲ

ಪ್ರಶ್ನೆ – ತುಮಕೂರು_ಓದುಗ
2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆಯ್ಕೆ ಆದಾಗ ರಾತ್ರಿ ಟಿವಿ ಮುಂದೆ ಕೂತು ಆ ಚಿಮಣಿಯ ಬಿಳಿ ಹೊಗೆ ನೋಡಿದ್ದೆ. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ವ್ಯಾಟಿಕನ್ ಅಂದರೆ 44 ಹೆಕ್ಟೇರ್, ಅಂದರೆ ಸುಮಾರು 109 ಎಕರೆ. ನಮ್ಮ ಲಾಲ್‌ಬಾಗೇ 240 ಎಕರೆ ಇದೆ. ಸುತ್ತಲೂ ರೋಮ್ ನಗರ. ಇದನ್ನು ದೇಶ ಅಂತ ಯಾಕೆ ಒಪ್ಪಿಕೊಂಡರು? ದೊಡ್ಡ ಮಠ, ಅದಕ್ಕೊಂದಿಷ್ಟು ಜಾಗ ಅಂದರೆ ಸಾಕಿತ್ತಲ್ವಾ? ಅಲ್ಲಿ ಅಪರಾಧ ನಡೆದರೆ ಹಿಡಿಯುವವರು ಯಾರು?

ಉತ್ತರ – ಇತಿಹಾಸದ_ಮೇಷ್ಟ್ರು
ಇವತ್ತಿನ ನಕ್ಷೆಯಿಂದ ಶುರು ಮಾಡಿದರೆ ಇದು ಅರ್ಥ ಆಗುವುದಿಲ್ಲ, 1870ರಿಂದ ಶುರು ಮಾಡಿ. ಅಲ್ಲಿಯವರೆಗೆ ಪೋಪ್ ಮಧ್ಯ ಇಟಲಿಯ ದೊಡ್ಡ ಭಾಗಕ್ಕೆ ರಾಜರೂ ಆಗಿದ್ದರು. ಒಗ್ಗೂಡುತ್ತಿದ್ದ ಇಟಲಿ ಅದನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡಿತು. ಕೊನೆಗೆ 1870ರ ಸೆಪ್ಟೆಂಬರ್ 20ರಂದು ಪೋರ್ತಾ ಪಿಯಾ ಬಾಗಿಲ ಹತ್ತಿರ ಫಿರಂಗಿಯಿಂದ ಗೋಡೆ ಒಡೆದು ಸೈನ್ಯ ರೋಮ್ ಒಳಗೆ ಬಂತು. ಮರುವರ್ಷ ಇಟಲಿ ಒಂದು ಕಾನೂನು ಮಾಡಿ, ನಿಮಗೆ ಅರಮನೆ ಕೊಡುತ್ತೇವೆ, ಗೌರವ ಕೊಡುತ್ತೇವೆ, ವರ್ಷಕ್ಕೆ ಇಷ್ಟು ಹಣ ಕೊಡುತ್ತೇವೆ ಅಂದಿತು. ಆಗಿನ ಪೋಪ್ ಒಂಬತ್ತನೇ ಪಯಸ್ ಬೇಡ ಅಂದರು. ನನಗೆ ಇದೇ ಮುಖ್ಯ ಅನಿಸುವುದು. ಒಂದು ಸಂಸತ್ತು ಕೊಟ್ಟಿದ್ದನ್ನು ಮುಂದಿನ ಸಂಸತ್ತು ವಾಪಸ್ ತೆಗೆದುಕೊಳ್ಳಬಹುದು. ಲೋಕದ ಎಲ್ಲ ಕ್ಯಾಥೊಲಿಕರ ಗುರು ಒಂದು ಸರ್ಕಾರದ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ಆಗುತ್ತದೆ. ಅದಕ್ಕೇ 59 ವರ್ಷ ಪೋಪ್‌ಗಳು ತಮ್ಮನ್ನು ವ್ಯಾಟಿಕನ್‌ನ ಕೈದಿ ಅಂತಲೇ ಕರೆದುಕೊಂಡು ಒಳಗೇ ಉಳಿದರು.

1929ರ ಫೆಬ್ರವರಿ 11ರಂದು ಲ್ಯಾಟರನ್ ಒಪ್ಪಂದ ಆಯಿತು. ಪೋಪ್ ಕಡೆಯಿಂದ ಕಾರ್ಡಿನಲ್ (ಪೋಪ್ ನಂತರದ ಹಿರಿಯ ಧರ್ಮಗುರು) ಗಾಸ್ಪರಿ, ಇಟಲಿ ಕಡೆಯಿಂದ ಮುಸೊಲಿನಿ ಸಹಿ ಹಾಕಿದರು. ಪೋಪ್ ಹಳೇ ರಾಜ್ಯದ ಆಸೆ ಬಿಟ್ಟರು, ಇಟಲಿ ಈ ಜಾಗ ಸ್ವತಂತ್ರ ಅಂತ ಬರೆದುಕೊಟ್ಟಿತು. ಹಾಗಾಗಿ ಜಾಗ ಎಷ್ಟು ಅನ್ನುವುದಕ್ಕಿಂತ ಯಾರ ಕೈಕೆಳಗೂ ಇರಬಾರದು ಅನ್ನುವುದೇ ಇಲ್ಲಿ ವಿಷಯ. ಇನ್ನೊಂದು ಮಾತು. ಬೇರೆ ದೇಶಗಳ ಜೊತೆ ಸಂಬಂಧ ಇಟ್ಟುಕೊಳ್ಳುವುದು ಈ ಪುಟ್ಟ ದೇಶ ಅಲ್ಲ, ‘ಹೋಲಿ ಸೀ’, ಅಂದರೆ ಪೋಪ್ ಅವರ ಪೀಠ. ಕೈಯಲ್ಲಿ ಜಾಗವೇ ಇಲ್ಲದ ಆ 59 ವರ್ಷವೂ ಅದಕ್ಕೆ ರಾಯಭಾರಿಗಳು ಇದ್ದರು. ಭಾರತಕ್ಕೂ ಪೀಠಕ್ಕೂ 1948ರಿಂದ ಸಂಬಂಧ ಇದೆ.

ಉತ್ತರ – ಕುಡ್ಲದ_ನರ್ಸ್
ನಾನು ಮಂಗಳೂರಿನವಳು. ರೋಮ್‌ನಲ್ಲಿ ಒಬ್ಬರು ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುವ ಕೆಲಸದಲ್ಲಿ ಆರು ವರ್ಷ ಇದ್ದೆ. ಸೇಂಟ್ ಪೀಟರ್ಸ್ ಚೌಕದ ಅಂಚಿನಲ್ಲಿ ನೆಲದ ಮೇಲೆ ಬಿಳಿ ಕಲ್ಲಿನ ಪಟ್ಟಿ ಇದೆ, ಅದೇ ಗಡಿ. ಮೊದಲ ಸಲ ಅದನ್ನು ದಾಟುವಾಗ ಕಾಲು ಒಂದು ಕ್ಷಣ ನಿಂತಿತು. ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ.

ಒಳಗಿನ ವ್ಯಾಟಿಕನ್ ಬೇರೆಯೇ. ಒಮ್ಮೆ ಅಮ್ಮನಿಗೆ ಬೇಕಾದ ಮಾತ್ರೆ ಹೊರಗೆ ಎಲ್ಲೂ ಸಿಗಲಿಲ್ಲ, ವ್ಯಾಟಿಕನ್ ಫಾರ್ಮಸಿಯಲ್ಲಿ ಕೇಳಿ ನೋಡಿ ಅಂದರು. ಸಾಂತ್ ಆನಾ ಗೇಟಿಗೆ ಹೋದೆ. ಅಲ್ಲಿ ನಿಂತಿದ್ದ ಸ್ವಿಸ್ ಗಾರ್ಡ್, ಅಂದರೆ ಪೋಪ್ ಅವರ ಕಾವಲು ಪಡೆಯವನು, ಫೋಟೋದಲ್ಲಿ ನೋಡುವ ಪಟ್ಟೆ ಪಟ್ಟೆ ಬಟ್ಟೆಯಲ್ಲಿ ಇರಲಿಲ್ಲ, ನೀಲಿ ಬಟ್ಟೆ. ಡಾಕ್ಟರ್ ಚೀಟಿ, ಗುರುತಿನ ಕಾರ್ಡ್ ತೋರಿಸಿದ ಮೇಲೆ ಬಿಟ್ಟರು. ಒಳಗೆ ಮಾಮೂಲಿ ಬೀದಿ, ಕಾರುಗಳು, ಚೀಲ ಹಿಡಿದು ಬರುವ ಸಿಸ್ಟರ್‌ಗಳು. ಮನೆಯಲ್ಲಿ ನಾವು ಕೊಂಕಣಿಯಲ್ಲಿ ‘ಪಾಪ್ ಸಾಯ್ಬ್’ ಅನ್ನುವವರ ಊರಿಗೆ ನಾನು ಹೋಗಿದ್ದು ಒಂದು ಡಬ್ಬಿ ಮಾತ್ರೆಗೆ. ಗೇಟಿನಿಂದ ಹೊರಗೆ ಬಂದು ಅಮ್ಮನಿಗೆ ಹೇಳುವ ಮೊದಲು ಊರಿಗೆ ಫೋನ್ ಮಾಡಿದೆ.

ಉತ್ತರ – ಕಾನೂನು_ಕಟ್ಟೆ
ಅಪರಾಧದ ಪ್ರಶ್ನೆ ಹಾಗೇ ಉಳಿದಿದೆ. ವ್ಯಾಟಿಕನ್‌ಗೆ ಅದರದೇ ಪೊಲೀಸ್, ಅದರದೇ ನ್ಯಾಯಾಲಯ ಇದೆ. ಆದರೆ ಚೌಕ ಮಾತ್ರ ವಿಶೇಷ. ಜಾಗ ವ್ಯಾಟಿಕನ್‌ದು, ಆದರೂ ಚರ್ಚಿನ ಮೆಟ್ಟಿಲ ಬುಡದವರೆಗೆ ಸಾಮಾನ್ಯವಾಗಿ ಕಾವಲು ಇಟಲಿ ಪೊಲೀಸರದು. ಇದು ಒಪ್ಪಂದದಲ್ಲೇ ಇದೆ. 1981ರ ಮೇ 13ರಂದು ಪೋಪ್ ಎರಡನೇ ಜಾನ್ ಪಾಲ್ ಅವರಿಗೆ ಅದೇ ಚೌಕದಲ್ಲಿ ಗುಂಡು ಹಾರಿಸಿದ ಅಗ್ಜಾನನ್ನು ವಿಚಾರಣೆ ಮಾಡಿ ಜೀವಾವಧಿ ಶಿಕ್ಷೆ ಕೊಟ್ಟಿದ್ದು ಇಟಲಿಯ ಕೋರ್ಟು.

ಅಧಿಕಾರದ ವಿಷಯಕ್ಕೆ ಬಂದರೆ, ಶಾಸನ, ಆಡಳಿತ, ನ್ಯಾಯ ಮೂರೂ ಪೋಪ್ ಕೈಯಲ್ಲೇ ಇವೆ. 2023ರ ಮೂಲ ಕಾನೂನಿನಲ್ಲೂ ಹಾಗೇ ಇದೆ. ಅವರನ್ನು ಆರಿಸುವವರು 80 ವರ್ಷ ದಾಟದ ಕಾರ್ಡಿನಲ್‌ಗಳು. 2025ರಲ್ಲಿ 133 ಜನ ಮತ ಹಾಕಿದರು, ಅದರಲ್ಲಿ ನಾಲ್ವರು ಭಾರತದವರು. ಗೆಲ್ಲಲು 89 ಮತ ಬೇಕಿತ್ತು. ಅಲ್ಲಿ ವಾಸ ಮಾಡುವ ಸಾಮಾನ್ಯ ಜನ ಮತ ಹಾಕುವಂತಿಲ್ಲ. ಇದನ್ನು ಪ್ರಜಾಪ್ರಭುತ್ವ ಅಂತ ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಆದರೂ ಒಂದು ಬದಲಾವಣೆ ನನಗೆ ನಿಜವಾಗಿಯೂ ಖುಷಿ ಕೊಟ್ಟಿತು. ದಿನದ ಆಡಳಿತ ನೋಡುವ ಗವರ್ನರೇಟ್‌ಗೆ 2025ರ ಮಾರ್ಚ್‌ನಿಂದ ಸಿಸ್ಟರ್ ರಫಾಯೆಲಾ ಪೆತ್ರೀನಿ ಅಧ್ಯಕ್ಷೆ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು.

ತುಮಕೂರು_ಓದುಗ
ಎಲ್ಲರಿಗೂ ಥ್ಯಾಂಕ್ಸ್. ಅಲ್ಲಿ ಹುಟ್ಟಿದ್ದಾರೆ ಅಂತ ಪೌರತ್ವ ಕೊಡಲ್ಲ, ಕೆಲಸಕ್ಕೆ ಸೇರಿದರೆ ಕೊಡುತ್ತಾರೆ ಅಂತ ಓದಿದ್ದೆ. ಹಾಗಾದರೆ ಕೆಲಸ ಬಿಟ್ಟ ಮೇಲೆ ಅವರು ಯಾವ ದೇಶದವರು?

ಕಾನೂನು_ಕಟ್ಟೆ
ಕೆಲಸ ಮುಗಿದರೆ ಸಾಮಾನ್ಯವಾಗಿ ಪೌರತ್ವವೂ ಮುಗಿಯಿತು. ಹೆಚ್ಚಿನವರಿಗೆ ತಮ್ಮ ದೇಶದ್ದು ಇದ್ದೇ ಇರುತ್ತದೆ, ಸ್ವಿಸ್ ಗಾರ್ಡ್‌ಗಳು ಸ್ವಿಸ್ ಪ್ರಜೆಗಳೇ. ಬೇರೆ ಯಾವ ಪೌರತ್ವವೂ ಇಲ್ಲದವರು ಬೀದಿಪಾಲು ಆಗಬಾರದು ಅಂತ 1929ರ ಒಪ್ಪಂದದ 9ನೇ ವಿಧಿಯಲ್ಲೇ ಬರೆದಿದ್ದಾರೆ. ಅಂಥವರನ್ನು ಇಟಲಿ ತನ್ನ ಪ್ರಜೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.