ಸಹಾಯ ಬೇಕು: ಸಕ್ಕರೆ ಗುಲಾಬಿ ಮಳೆಗೆ ಮೆತ್ತಗಾಗ್ತಾವೆ

ದಾವಣಗೆರೆಲಿ ಮನೇಲೇ ಕೇಕ್ ಮಾಡೋರು ಯಾರಾದ್ರೂ ಇದೀರಾ? ಅಕ್ಕನ ಮಗಳ ನಾಮಕರಣದ ಕೇಕಿಗೆ ಸಕ್ಕರೆ ಗುಲಾಬಿ ಮಾಡ್ತಿದೀನಿ, ಕಾಲು ಕೆಜಿ ಫಾಂಡೆಂಟ್‌ಗೆ (ಕೇಕಿಗೆ ಬಳಸೋ ಸಕ್ಕರೆ ಕಣಕ) 1 ಟೀ ಸ್ಪೂನ್ ಸಿಎಂಸಿ ಪೌಡರ್ (ಹೂವು ಗಟ್ಟಿಯಾಗಿ ಒಣಗ್ಲಿ ಅಂತ ಹಾಕೋ ತಿನ್ನೋ ಅಂಟಿನ ಪುಡಿ) ಹಾಕಿ ನಾದಿ, ರಾತ್ರಿಯೆಲ್ಲ ಕವರ್ ಸುತ್ತಿಟ್ಟು, ತೆಳ್ಳಗೆ ಲಟ್ಟಿಸಿ ಎಸಳು ಕಟ್ ಮಾಡ್ತೀನಿ, ಬಿಸಿಲಿದ್ದ ದಿನ ಹಪ್ಪಳದಂಗೆ ಗರಿಗರಿ ಒಣಗ್ತಾವೆ, ಆದ್ರೆ ಮಳೆ ಹಿಡ್ಕಂಡ್ರೆ ಸಾಕು ಅಂಚೆಲ್ಲ ಜೋತು ಬೀಳ್ತಾವೆ. ಫ್ರಿಜ್ಜಲ್ಲಿ ಇಡಿ ಅಂತ ಮಾತ್ರ ಹೇಳ್ಬೇಡಿ, ಹೊರಗೆ ತೆಗೆದ್ರೆ ಬೆವರಿ ಅಂಟಂಟಾಗ್ತಾವೆ. ಸಿಎಂಸಿ ಜಾಸ್ತಿ ಮಾಡ್ಲಾ, ಇಲ್ಲ ಡಬ್ಬೀಲಿ ಹೂವಿಗೆ ತಾಗದಂಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ರೆ ಸಾಕಾ?

ಇನ್ನೊಂದು, ತಿನ್ನೋ ಪೆಟಲ್ ಡಸ್ಟ್ (ಸಕ್ಕರೆ ಹೂವಿಗೆ ಹಚ್ಚೋ ಬಣ್ಣದ ಪುಡಿ) ಮಂಡಿಪೇಟೆ ಕಡೆ ಎಲ್ಲಾದ್ರೂ ಸಿಗುತ್ತಾ? ಬರೀ ನಾನ್ ಟಾಕ್ಸಿಕ್ ಅಂತ ಬರೆದಿರೋದು ಬೇಡ, ಅದು ತಿನ್ನೋಕಲ್ಲ, ಮಕ್ಕಳು ಮೊದ್ಲು ಕೈ ಹಾಕೋದೇ ಹೂವಿಗೆ ನೋಡಿ.